ಔತಣದ ಗೋಡೆಯಲ್ಲಿ ಮುತ್ತಮ್ಮ

ಮಾದಾಪುರ
4 ಫೆಬ್ರವರಿ 2024

ಚಿತ್ರಕಾರ ತೀರ್ಥಪ್ರಸಾದ್ ಅವರಿಗೆ,

ನಮಸ್ಕಾರ. ನನ್ನ ಹೆಸರು ಉಷಾರಾಣಿ. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ವಿಳಾಸ ಸಿಕ್ಕಿದ್ದು ನಿಮ್ಮದೇ ಚಿತ್ರದ ಬೆನ್ನಿನಲ್ಲಿ. ನಮ್ಮೂರಿನ ಹತ್ತಿರದ ರೆಸಾರ್ಟಿನಲ್ಲಿ ಊಟದ ಹಾಲ್‌ಗೆ ಬಣ್ಣ ಹೊಡೆಸುವಾಗ ಅದನ್ನು ಇಳಿಸಿ ಒರಗಿಸಿಟ್ಟಿದ್ದರು. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದ ನಾನು ನೋಡಿದೆ.

ಚಿತ್ರದಲ್ಲಿ ಒಬ್ಬ ಮುದುಕಿ ಇದ್ದಾಳೆ. ಎದೆಯಿಂದ ಕೆಳಗೆ ಅವಳು ಬೆಟ್ಟ. ಬೆಟ್ಟದ ಹೊಟ್ಟೆ ಜರಿದು ಒಳಗಿನ ಕಾಫಿ ಗಿಡ, ಹೆಂಚಿನ ಮನೆ, ಕೊಟ್ಟಿಗೆ ಎಲ್ಲ ಕಾಣುತ್ತವೆ. ಅವಳ ತೆರೆದ ಬಾಯಿಂದ ಕೆಂಪು ಮಣ್ಣು ಸುರಿದು, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲೆ ಬೀಳುತ್ತಿದೆ. ಕುತ್ತಿಗೆಗೆ ನೆರಿಗೆಪಟ್ಟಿ ಕಟ್ಟಿಕೊಂಡ ಹಳೇ ಕಾಲದ ದೊರೆಗಳು ಸುತ್ತ ಕೂತು ಆ ಮಣ್ಣನ್ನು ಬೆಳ್ಳಿ ಚಮಚದಲ್ಲಿ ತಿನ್ನುತ್ತಿದ್ದಾರೆ. ಕೆಳಗೆ ‘ಔತಣ’ ಎಂದು ಬರೆದಿದೆ.

ಆ ಮುದುಕಿ ನನ್ನ ಅಮ್ಮ, ಮುತ್ತಮ್ಮ. ಎಡ ಹುಬ್ಬಿನ ಮೇಲಿನ ಹೊಲಿಗೆ ಗುರುತು, ಮೇಲುಸಾಲಿನಲ್ಲಿ ಹೋದ ಹಲ್ಲು, ಕೆನ್ನೆಯ ಒಂದೊಂದು ಸುಕ್ಕು, ಎಲ್ಲ ಅವಳದೇ. 2018ರ ಆಗಸ್ಟ್‌ನಲ್ಲಿ ಬೆಟ್ಟ ಜರಿದು ನಮ್ಮ ಮನೆ ಹೋದ ಮೇಲೆ ಅಮ್ಮ ಪರಿಹಾರ ಕೇಂದ್ರದಲ್ಲಿದ್ದಳು. ಅಲ್ಲಿ ಯಾರೋ ಒಬ್ಬರು ಪೆನ್ಸಿಲ್ ಹಿಡಿದು ಎದುರು ಕೂತಿದ್ದರು ಎಂದು ಹೇಳಿದ್ದಳು. ಅದು ನೀವೇನಾ?

ದಯವಿಟ್ಟು ಕಾಗದದಲ್ಲೇ ಉತ್ತರ ಬರೆಯಿರಿ. ಫೋನಿನಲ್ಲಾದರೆ ನನ್ನ ಬಾಯಿಗೆ ಏನು ಬರುತ್ತದೋ ನನಗೇ ಗೊತ್ತಿಲ್ಲ.

ಉಷಾರಾಣಿ


ಮೈಸೂರು
15 ಫೆಬ್ರವರಿ 2024

ಪ್ರಿಯ ಉಷಾರಾಣಿಯವರೇ,

ನಿಮ್ಮ ಪತ್ರ ತಲುಪಿತು. ಹೌದು, ಅದು ನಾನೇ. ನಾನೂ ಕೊಡಗಿನವನು, ಭಾಗಮಂಡಲದ ಕಡೆಯವನು. ಆ ಮಳೆಯಲ್ಲಿ ಅಕ್ಕಿ, ಕಂಬಳಿ ಹೇರಿಕೊಂಡು ಗೆಳೆಯರ ಜೊತೆ ಬಂದಿದ್ದೆ. ಜೋಳಿಗೆಯಲ್ಲಿ ಚಿತ್ರದ ಪುಸ್ತಕ ಇದ್ದೇ ಇರುತ್ತದೆ. ನಿಮ್ಮ ತಾಯಿ ಕಿಟಕಿಯ ಬಳಿ ಕುಳಿತಿದ್ದರು. ಎಡಗಡೆಯಿಂದ ಬೆಳಕು ಬರುತ್ತಿತ್ತು. ಬಾಯಿ ತೆರೆದು ಏನೋ ಹೇಳುತ್ತಲೇ ಇದ್ದರು. ಮಳೆಯ ಸದ್ದು, ಮಕ್ಕಳ ಅಳು. ನನಗೆ ಮುಖವೊಂದೇ ಕಾಣುತ್ತಿತ್ತು.

ನಾನು ಚಿತ್ರ ಮಾಡುವುದು ಯುರೋಪಿನ ನಾನೂರು ವರ್ಷಗಳ ಹಿಂದಿನ ಕ್ರಮದಲ್ಲಿ. ಮೊದಲು ಬಟ್ಟೆಗೆ ಕಂದು ಬಣ್ಣದ ಅಡಿಲೇಪ, ಅದನ್ನು ನಾವು ನೆಲ ಎನ್ನುತ್ತೇವೆ. ಅದರ ಮೇಲೆ ಬೂದುಬಣ್ಣದಲ್ಲಿ ಇಡೀ ಮುಖ. ಆಮೇಲೆ ಅಗಸೆ ಎಣ್ಣೆ, ಮರದ ರಾಳ ಬೆರೆಸಿದ ತೆಳು ಬಣ್ಣವನ್ನು ಪದರದ ಮೇಲೆ ಪದರ ಇಡಬೇಕು, ಒಂದು ಒಣಗಿದ ಮೇಲೆ ಇನ್ನೊಂದು. ಆಗ ಚರ್ಮದೊಳಗಿಂದ ಬೆಳಕು ಬಂದಂತೆ ಕಾಣುತ್ತದೆ. ಆದರೆ ಕಾಣಿಸುವುದು ಮಾತ್ರ ಕನಸಿನದು. ಬೆಟ್ಟವಾದ ತಾಯಿ, ಅವಳನ್ನು ತಿನ್ನುವ ನಾಗರಿಕರು. ಆ ಮುಖಕ್ಕಾಗಿ ನಾನು ಎರಡು ವರ್ಷ ಕೊಟ್ಟಿದ್ದೇನೆ. ಅದು ನಿಮ್ಮ ತಾಯಿಗೆ ನನ್ನ ನಮಸ್ಕಾರ ಎಂದು ತಿಳಿಯಿರಿ.

ಚಿತ್ರ ರೆಸಾರ್ಟಿಗೆ ಹೋದದ್ದು ಗ್ಯಾಲರಿಯವರ ಕಡೆಯಿಂದ. ನೀವು ಅಲ್ಲಿ ಉಳಿದಿದ್ದಾಗ ಗಮನಿಸಿರಬೇಕು, ತಿನ್ನುವವರ ಮುಖಗಳೆಲ್ಲ ಅಲ್ಲಿಗೆ ಬರುವ ನಮ್ಮಂಥ ಅತಿಥಿಗಳ ಮುಖಗಳಂತೆಯೇ ಇವೆ. ಆ ವ್ಯಂಗ್ಯ ನನಗಂತೂ ಇಷ್ಟವಾಯಿತು. ನಿಮ್ಮ ತಾಯಿ ಹೇಗಿದ್ದಾರೆ? ಒಮ್ಮೆ ಅವರನ್ನು ಕರೆದುಕೊಂಡು ಹೋಗಿ ತೋರಿಸಿ.

ವಿಶ್ವಾಸದಿಂದ,
ತೀರ್ಥಪ್ರಸಾದ್


ಮಾದಾಪುರ
26 ಫೆಬ್ರವರಿ 2024

ತೀರ್ಥಪ್ರಸಾದ್ ಅವರಿಗೆ,

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ತೋರಿಸಲು ಯಾರನ್ನೂ ಕರೆದೊಯ್ಯುವ ಹಾಗಿಲ್ಲ. ಬದುಕಿದ್ದರೂ ಕರೆದೊಯ್ಯುತ್ತಿರಲಿಲ್ಲ.

ನಿಮ್ಮ ನಮಸ್ಕಾರ ಎಲ್ಲಿ ನೇತಾಡುತ್ತಿದೆ ಹೇಳುತ್ತೇನೆ. ಕೆಳಗೆ ಬಫೆ ಮೇಜು. ಸಾಲಾಗಿ ಬಿಸಿ ಪಾತ್ರೆಗಳು. ಮುಚ್ಚಳ ತೆಗೆದಾಗಲೆಲ್ಲ ಪಂದಿ ಸಾರಿನ, ಹಂದಿ ಮಾಂಸದ, ಹಬೆ ನೇರ ಅಮ್ಮನ ಮುಖಕ್ಕೆ ಹೊಡೆಯುತ್ತದೆ. ಬಟ್ಟೆಯಿಂದ ಒರೆಸಿದರೆ ಹಳದಿ ಜಿಡ್ಡು ಬರುತ್ತದೆ. ಒಂದು ದಿನ ಯಾರೋ ಕುಡಿದ ಗಂಡಸು ಎಲುಬನ್ನು ಅವಳ ಬಾಯಿಯ ಹತ್ತಿರ ಹಿಡಿದು, “ತಗೊ ಅಜ್ಜಿ, ನೀನೂ ತಿನ್ನು” ಎಂದು ಫೋಟೊ ತೆಗೆಸಿಕೊಂಡ. ಕೆನ್ನೆಗೆ ಸಾರು ಹಾರಿತ್ತು. ಅಡುಗೆಯವರು ಚಿತ್ರ ನೋಡಿ ಒಂದು ಸಿಹಿ ಮಾಡಿದ್ದಾರೆ. ಬಿಳಿ ತಟ್ಟೆ, ಮೇಲಿಂದ ಸುರಿದ ಚಾಕಲೇಟು, ನಡುವೆ ಬಿಸ್ಕತ್ತಿನ ಪುಟ್ಟ ಮನೆ. ಹೆಸರು ಮಡ್ ಸ್ಲೈಡ್, ಅಂದರೆ ಭೂಕುಸಿತ. ಮಕ್ಕಳು ಮನೆಯನ್ನು ಚಮಚದಲ್ಲಿ ಮುರಿದು ಕೈತಟ್ಟುತ್ತವೆ.

ಇನ್ನು ನೀವು ಕೇಳಿಸಿಕೊಳ್ಳದೇ ಹೋದ ಮಾತು. ಬೆಟ್ಟ ಜರಿದಾಗ ನನ್ನ ತಮ್ಮ ಲೋಹಿತ್ ಕೊಟ್ಟಿಗೆಯಲ್ಲಿದ್ದ. ಅವನು ಇನ್ನೂ ಸಿಕ್ಕಿರಲಿಲ್ಲ. ನೀವು ಪೆನ್ಸಿಲ್ ಹಿಡಿದು ಕೂತದ್ದನ್ನು ನೋಡಿದ ಅಮ್ಮ, ಕಾಣೆಯಾದವರ ಚಿತ್ರ ಬರೆಯಲು ಪೊಲೀಸಿನವರು ಕಳಿಸಿದ್ದಾರೆ ಎಂದುಕೊಂಡಳು. ಅದಕ್ಕೇ ಬಾಯಿ ಮುಚ್ಚದೆ ಅವನ ಗುರುತುಗಳನ್ನೆಲ್ಲ ಹೇಳುತ್ತಿದ್ದಳು. ನಾನು ಅಕ್ಕಿ ತರಲು ಸಾಲಿನಲ್ಲಿ ನಿಂತಿದ್ದೆ. ವಾಪಸು ಬಂದಾಗ ಅಮ್ಮ, “ಪಾಪ, ಒಬ್ರು ಸಾರು ಬಂದು ನಮ್ ಲೋಹಿತನ ಚಿತ್ರ ಬರ್ಕೊಂಡ್ ಹೋದ್ರು ಕಣೇ. ಇನ್ನು ಹುಡುಕ್ತಾರೆ” ಎಂದಳು.

ಅವಳು ಮಗನನ್ನು ಹೇಳುತ್ತಿದ್ದಳು. ನೀವು ಅವಳನ್ನು ಬರೆಯುತ್ತಿದ್ದಿರಿ.

ನನ್ನ ಪ್ರಶ್ನೆ ಒಂದೇ. ಅವಳು ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿತ್ತೋ ಇಲ್ಲವೋ? ನನ್ನ ಬೇಡಿಕೆಯೂ ಒಂದೇ. ಅದನ್ನು ಅಲ್ಲಿಂದ ತೆಗೆಸಿ.

ಉಷಾರಾಣಿ


ಮೈಸೂರು
20 ಮಾರ್ಚ್ 2024

ಉಷಾರಾಣಿಯವರೇ,

ಉತ್ತರ ತಡವಾಯಿತು, ಕ್ಷಮಿಸಿ. ನಿಮ್ಮ ತಾಯಿಯ ಮರಣದ ಸುದ್ದಿಯಿಂದ ಕೈಗೆ ಕುಂಚವೇ ಹತ್ತಲಿಲ್ಲ.

ಸುಮ್ಮನೆ ಕೂರಲಿಲ್ಲ. ರೆಸಾರ್ಟಿನ ಮಾಲೀಕ ಧರ್ಮೇಂದ್ರ ಅವರಿಗೆ ವಿವರವಾಗಿ ಪತ್ರ ಬರೆದೆ. ಆ ಮುಖ ಯಾರದು, ಆ ಮನೆಗೆ ಏನಾಯಿತು, ಎಲ್ಲವನ್ನೂ. ಚಿತ್ರವನ್ನು ಇಳಿಸಿ ಎಂದು ಬೇಡಿಕೊಂಡೆ. ಆತ ಒಪ್ಪಲಿಲ್ಲ. ‘ಗೋಡೆಗೆ ಚೆನ್ನಾಗಿ ಒಪ್ಪಿದೆ, ಯಾರ ಮುಖವಾದರೆ ನಮಗೇನು’ ಎಂದು ಉತ್ತರ ಬಂತು. ಇಂಥವರ ಕೈಗೆ ನನ್ನ ಕೆಲಸ ಬಿತ್ತಲ್ಲ ಎಂದು ಅಸಹ್ಯವಾಯಿತು. ಬೆಟ್ಟವನ್ನು ಕಡಿದು ಈಜುಕೊಳ ಮಾಡಿದವನಿಗೆ ಬೆಟ್ಟದ ದುಃಖ ಹೇಗೆ ತಿಳಿದೀತು? ದುಡ್ಡಿದ್ದವರ ಮನಸ್ಸು ಎಷ್ಟು ಕೊಳೆತಿರುತ್ತದೆ ಎಂಬುದನ್ನು ನಾನು ಚಿತ್ರದಲ್ಲಿ ತೋರಿಸಿದ್ದು ಕಡಿಮೆಯಾಯಿತು.

ಆದರೂ ಒಂದು ದಾರಿ ಇದೆ. ಎಣ್ಣೆಬಣ್ಣದ ಚಿತ್ರ ಚೆನ್ನಾಗಿ ಒಣಗಿದ ಮೇಲೆ ಕೊನೆಯದಾಗಿ ವಾರ್ನಿಷ್ ಬಳಿಯಬೇಕು. ‘ಔತಣ’ಕ್ಕೆ ಅದು ಬಾಕಿ ಇದೆ. ಏಪ್ರಿಲ್‌ನಲ್ಲಿ ಆ ನೆಪದಲ್ಲಿ ಅಲ್ಲಿಗೆ ಹೋಗುತ್ತೇನೆ. ಮುಖದ ಪದರಗಳಲ್ಲಿ ರಾಳ ಹೆಚ್ಚಿರುವುದರಿಂದ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ತಿಕ್ಕಿದರೆ ಬಣ್ಣ ಒಂದೊಂದಾಗಿ ಎದ್ದು ಬರುತ್ತದೆ. ನಿಮ್ಮ ತಾಯಿಯ ಮುಖವನ್ನು ನನ್ನ ಕೈಯಾರೆ ಅಳಿಸಿ, ಅಲ್ಲಿ ಯಾರದ್ದೂ ಅಲ್ಲದ ಮುಖ ಬರೆಯುತ್ತೇನೆ. ಎರಡು ವರ್ಷದ ಕೆಲಸವನ್ನು ಅಳಿಸುವುದು ಚಿತ್ರಕಾರನಿಗೆ ಸಣ್ಣ ಮಾತಲ್ಲ. ಆದರೆ ನಿಮಗಾಗಿ ಮಾಡುತ್ತೇನೆ.

ನಿಮ್ಮವ,
ತೀರ್ಥಪ್ರಸಾದ್


ಮೈಸೂರು
22 ಏಪ್ರಿಲ್ 2024

ಉಷಾರಾಣಿಯವರೇ,

ಮೊನ್ನೆ ಶನಿವಾರ ಹೋಗಿ ಬಂದೆ. ಕೆಲಸ ಮುಗಿಯಿತು. ಹುಬ್ಬಿನ ಗುರುತು, ಸುಕ್ಕು, ಬಾಯಿ, ಎಲ್ಲವನ್ನೂ ತೆಗೆದೆ. ಈಗ ಅಲ್ಲಿರುವುದು ಯಾರೋ ಅಪರಿಚಿತ ಹೆಂಗಸು. ಧರ್ಮೇಂದ್ರನ ಆತಿಥ್ಯವನ್ನು ಸಹಿಸಿಕೊಳ್ಳುವುದು ಕಷ್ಟವಾಯಿತು. ಒಂದು ಲೋಟ ನೀರು ಕುಡಿದು ಹೊರಟುಬಂದೆ.

ನಿಮ್ಮ ತಾಯಿ ಈಗ ಆ ಜಾಗದಲ್ಲಿಲ್ಲ. ನೀವು ಮತ್ತೆ ಅಲ್ಲಿಗೆ ಹೋಗಿ ನೋಡುವುದು ಬೇಡ. ಹಳೆಯ ನೋವನ್ನು ಕೆದಕಿದಂತಾಗುತ್ತದೆ. ಮನಸ್ಸು ಹಗುರ ಮಾಡಿಕೊಳ್ಳಿ.

ತೀರ್ಥಪ್ರಸಾದ್


ಮಾದಾಪುರ
25 ಏಪ್ರಿಲ್ 2024

ತೀರ್ಥಪ್ರಸಾದ್ ಅವರಿಗೆ,

ಏಣಿ ಹಿಡಿದಿದ್ದವಳು ನಾನು.

ನಾನು ಆ ರೆಸಾರ್ಟಿನಲ್ಲಿ ಉಳಿದುಕೊಳ್ಳುವವಳಲ್ಲ, ಹೌಸ್‌ಕೀಪಿಂಗ್ ಕೆಲಸದವಳು. ಮೊದಲ ಕಾಗದದಲ್ಲಿ ಕೆಲಸದ ಮೇಲೆ ಹೋಗಿದ್ದೆ ಎಂದು ಬರೆದಿದ್ದೆ. ನೀವೇ ನನ್ನನ್ನು ಅತಿಥಿ ಮಾಡಿಕೊಂಡಿರಿ. ನಾನು ತಿದ್ದಲಿಲ್ಲ. ಕಸ ಗುಡಿಸುವವಳು ಎಂದು ತಿಳಿದರೆ ಉತ್ತರ ಬರೆಯುತ್ತೀರೋ ಇಲ್ಲವೋ ಎಂಬ ಅನುಮಾನವಿತ್ತು.

ಶನಿವಾರ ಮ್ಯಾನೇಜರ್ ನನ್ನನ್ನು ಕರೆದು, ಚಿತ್ರ ಬರೆಯುವ ಸಾರ್‌ಗೆ ಸಹಾಯಕ್ಕೆ ನಿಲ್ಲು ಎಂದರು. ನೀವು ಏಣಿ ಹತ್ತುವ ಮುಂಚೆ ನನ್ನ ಮುಖವನ್ನೂ ನೋಡದೆ, “ಗಟ್ಟಿ ಹಿಡ್ಕೋಮ್ಮ. ಬಿದ್ರೆ ನಿಮ್ಮ ಸಾಹೇಬ್ರಿಗೆ ಚಿತ್ರನೂ ಇಲ್ಲ, ಚಿತ್ರಕಾರನೂ ಇಲ್ಲ” ಎಂದು ನಕ್ಕಿರಿ. ನಾನು ಗಟ್ಟಿಯಾಗಿಯೇ ಹಿಡಿದಿದ್ದೆ. ನಿಮ್ಮ ಚೀಲದಲ್ಲಿ ಸ್ಪಿರಿಟ್ ಬಾಟಲಿ, ಹತ್ತಿಯ ಉಂಡೆ ಕಂಡವು. ಮಾತು ಉಳಿಸಿಕೊಳ್ಳಲು ಬಂದಿದ್ದಾರೆ ಎಂದು ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಧರ್ಮೇಂದ್ರ ಸಾರ್ ಬಂದರು. “ಮುಖ ಹೊಳೆಯೋ ಹಂಗೆ ಮಾಡಿ ಸಾರ್. ಗೆಸ್ಟ್‌ಗಳು ಫೋಟೊ ತೆಗೆಸ್ಕೊಳ್ಳೋದೆಲ್ಲ ಅಲ್ಲೇ. ಅಂದ ಹಾಗೆ ಇದು ಯಾರ ಮುಖ?” ಎಂದು ಕೇಳಿದರು.

“ಯಾರದ್ದೂ ಅಲ್ಲ ಧರ್ಮೇಂದ್ರ. ಎಲ್ಲಾ ಕಲ್ಪನೆ” ಎಂದಿರಿ.

ಏಣಿ ನಡುಗಿತು. ನೀವು “ಏಯ್, ಸರಿಯಾಗಿ ಹಿಡಿ” ಎಂದಿರಿ. ಬಾಟಲಿ ಚೀಲದಿಂದ ಹೊರಗೆ ಬರಲಿಲ್ಲ. ಅಗಲದ ಕುಂಚ ತೆಗೆದು ಅಮ್ಮನ ಹಣೆಯಿಂದ ಗಲ್ಲದವರೆಗೆ ವಾರ್ನಿಷ್ ಬಳಿದಿರಿ. ಅವಳ ತುಟಿ ಈಗಷ್ಟೇ ಉಗುಳು ನುಂಗಿದಂತೆ ಒದ್ದೆಯಾಗಿ ಹೊಳೆಯಿತು.

ಬರೀ ನೀರು ಕುಡಿದೆ ಎಂದಿದ್ದೀರಿ. ಹೊರಗಿನ ಹುಲ್ಲುಹಾಸಿನಲ್ಲಿ ನಿಮಗೆ ಬಡಿಸಿದವಳೂ ನಾನೇ. ಮಡ್ ಸ್ಲೈಡ್ ಅನ್ನು ಎರಡು ಸಲ ಹಾಕಿಸಿಕೊಂಡಿರಿ. ಬಿಸ್ಕತ್ತಿನ ಮನೆಯನ್ನು ಚಮಚದ ಬೆನ್ನಿನಿಂದ ಒತ್ತಿ ಮುರಿದಿರಿ. ಚಾಕಲೇಟು ನಿಮ್ಮ ಗಡ್ಡಕ್ಕೆ ಹತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ನಿಮ್ಮ ಮೇಲೆ ಸಿಟ್ಟೂ ಬರಲಿಲ್ಲ. ಚರಂಡಿ ನೋಡಿದಾಗ ಆಗುವಂಥ ಹೇಸಿಗೆ ಆಯಿತು, ಅಷ್ಟೆ.

ಇನ್ನೊಂದು ವಿಷಯವನ್ನು ನಾನೂ ಮುಚ್ಚಿಟ್ಟಿದ್ದೆ. ನೀವು ಹೋದ ಎರಡು ದಿನಕ್ಕೆ ಲೋಹಿತನ ಹೆಣ ಸಿಕ್ಕಿತು. ಹುಡುಕಿದವರು ಊರಿನ ಹುಡುಗರು. ಆದರೆ ಅಮ್ಮ ಸಾಯುವವರೆಗೂ, “ಆ ಸಾರು ಚಿತ್ರ ಬರ್ದಿದ್ಕೇ ನನ್ ಮಗ ಮಣ್ಣು ಮಾಡೋಕಾದ್ರೂ ಸಿಕ್ಕಿದ” ಎಂದೇ ನಂಬಿದ್ದಳು. ಪ್ರತಿ ವರ್ಷ ಅವನ ತಿಥಿಯ ದಿನ, ಹೆಸರು ಗೊತ್ತಿಲ್ಲದ ನಿಮಗೂ ಒಳ್ಳೆಯದಾಗಲಿ ಎಂದು ಕೈಮುಗಿಯುತ್ತಿದ್ದಳು. ನೀವು ಒಳ್ಳೆಯವರಾದರೆ ಹೇಳೋಣ ಎಂದು ಇಟ್ಟುಕೊಂಡಿದ್ದೆ. ಈಗ ಹೇಳುತ್ತಿರುವುದು ಬೇರೆ ಕಾರಣಕ್ಕೆ.

ವಾರ್ನಿಷ್ ವಾಸನೆಗೆ ಅವತ್ತು ಹಾಲ್ ಮುಚ್ಚಿದ್ದರು. ಊಟದ ಗಡಿಬಿಡಿಯಲ್ಲಿ ನಿಮ್ಮ ಚೀಲವನ್ನು ಅಲ್ಲೇ ಮರೆತಿದ್ದಿರಿ, ಬಾಟಲಿ, ಹತ್ತಿ ಅದರಲ್ಲೇ ಇದ್ದವು. ನೀವು ಹೊರಟುಹೋದ ಮೇಲೆ ನಾನು ಏಣಿ ಹತ್ತಿದೆ. ಜೊತೆಗೆ ಕೆಲಸ ಮಾಡುವ ಬೊಳ್ಳಮ್ಮ ಕೆಳಗೆ ಹಿಡಿದುಕೊಂಡರು. “ಬೇಗ ಬೇಗ ಮಾಡು ಉಷಾ, ಮ್ಯಾನೇಜರ್ ಬಂದಾರು” ಎನ್ನುತ್ತಿದ್ದರು. ಮೊದಲು ನಿಮ್ಮ ಹೊಳಪು ಎದ್ದು ಬಂತು. ಆಮೇಲೆ ಹತ್ತಿಗೆ ಅಮ್ಮನ ಚರ್ಮದ ಬಣ್ಣ ಹತ್ತಿತು. ನೀವು ಹೇಳಿದ್ದ ಬೂದುಮುಖ ಅಡಿಯಿಂದ ಬಂದಾಗ ನನ್ನ ಕೈ ನಿಂತಿತು. ಮಣ್ಣು ತೊಳೆದ ಮೇಲೆ ಲೋಹಿತನ ಮುಖವೂ ಅದೇ ಬಣ್ಣದಲ್ಲಿತ್ತು. ಬೊಳ್ಳಮ್ಮ “ಅರ್ಧಕ್ಕೆ ಬಿಡಬೇಡ ಮಗ” ಎಂದರು. ಕಂದು ನೆಲ ಬರುವವರೆಗೆ ತಿಕ್ಕಿದೆ. ಇಳಿದು ಬಂದು ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ.

ಈಗ ಅಲ್ಲಿ ಯಾರೂ ಇಲ್ಲ. ನೀವು ಬರೆದ ಸುಳ್ಳನ್ನು ನಾನು ನಿಜ ಮಾಡಿದ್ದೇನೆ.

ಉಷಾರಾಣಿ


ಮೈಸೂರು
9 ಮೇ 2024

ಉಷಾ,

ನಿಮ್ಮ ಮಾತುಗಳು ಕಠೋರವಾಗಿವೆ. ನಾನು ಅವಕ್ಕೆ ಅರ್ಹನಿರಬಹುದು. ಮಾಲೀಕನ ಎದುರು ನನ್ನ ಧೈರ್ಯ ಉಡುಗಿತು. ಅದಕ್ಕಿಂತ ಹೆಚ್ಚು ವಾದಿಸುವುದಿಲ್ಲ.

ಈಗ ನೆಮ್ಮದಿಯ ಸುದ್ದಿ. ಧರ್ಮೇಂದ್ರ ಗಾಬರಿಯಿಂದ ಫೋನ್ ಮಾಡಿದ್ದರು. ಕ್ಯಾಮೆರಾ ನೋಡುತ್ತೇನೆ, ಪೊಲೀಸರಿಗೆ ಹೇಳುತ್ತೇನೆ ಎನ್ನುತ್ತಿದ್ದರು. ಅದು ನಾನೇ ಬೇಕೆಂದು ಮಾಡಿದ ಬದಲಾವಣೆ ಎಂದುಬಿಟ್ಟೆ. ನಿಮ್ಮ ಹೆಸರು ಎಲ್ಲೂ ಬರದಂತೆ ನೋಡಿಕೊಂಡಿದ್ದೇನೆ. ಅವರು ಫೋಟೊ ಕಳಿಸಿದರು. ನಿಜ ಹೇಳುತ್ತೇನೆ, ಉಷಾ, ನಾನು ಬೆರಗಾದೆ. ಅಷ್ಟು ನುಣುಪಾದ ಹಳೆಯ ಕ್ರಮದ ಚಿತ್ರದ ನಡುವೆ ಆ ತಿಕ್ಕಿದ ಗಾಯ! ನನ್ನ ಕೈಯಿಂದ ಎಂದೂ ಆಗುತ್ತಿರಲಿಲ್ಲ. ಈಗಲೇ ಚಿತ್ರ ಪೂರ್ತಿಯಾದದ್ದು. ಗ್ಯಾಲರಿಯವರೂ ಅದನ್ನೇ ಹೇಳುತ್ತಿದ್ದಾರೆ. ಕೊಚ್ಚಿಯಿಂದ ವಿಮರ್ಶಕರೊಬ್ಬರು ನೋಡಲು ಬರುತ್ತಾರೆ. ‘ಮುಖವಿಲ್ಲದ ತಾಯಿ’ ಎಂದು ಹೆಸರು ಬದಲಿಸಿದ್ದೇನೆ.

ಇದಕ್ಕೆ ಜೋಡಿಯಾಗಿ ಇನ್ನೊಂದು ಚಿತ್ರ ಮಾಡಬೇಕೆಂದಿದ್ದೇನೆ. ಅದು ನಿಮ್ಮ ತಮ್ಮನಿಗೆ ಮುಡಿಪು. ರೇಷ್ಮೆ ಹಾಸಿದ ಮಂಚ, ಮಂಚದ ತುಂಬ ಕೆಂಪು ಮಣ್ಣು, ಅದರಿಂದ ಹೊರಚಾಚಿದ ಆರು ಬೆರಳಿನ ಎಡಗಾಲು. ನೀವು ಒಪ್ಪುತ್ತೀರಿ ಎಂದು ನಂಬಿದ್ದೇನೆ. ನಿಮ್ಮ ಕೋಪವೂ ಈಗ ನನ್ನ ಕಲೆಯ ಭಾಗ.

ತೀರ್ಥಪ್ರಸಾದ್


ಮಾದಾಪುರ
28 ಮೇ 2024

ತೀರ್ಥಪ್ರಸಾದ್ ಅವರಿಗೆ,

ಲೋಹಿತನ ಎಡಗಾಲಿಗೆ ಆರು ಬೆರಳು ಎಂದು ನಾನು ನಿಮಗೆ ಎಲ್ಲೂ ಬರೆದಿಲ್ಲ. ಅದನ್ನು ನಿಮಗೆ ಹೇಳಿದವಳು ಅಮ್ಮ ಒಬ್ಬಳೇ. ನನ್ನ ಪ್ರಶ್ನೆಗೆ ಮೂರು ತಿಂಗಳಾದರೂ ಬಾರದ ಉತ್ತರ ನಿಮಗೇ ಗೊತ್ತಿಲ್ಲದೆ ಬಂತು. ನಿಮ್ಮ ಕಿವಿಗೆ ಎಲ್ಲವೂ ಬಿದ್ದಿತ್ತು. ಬೆರಳಿನ ಲೆಕ್ಕವೂ ನೆನಪಿದೆ. ‘ಅಮ್ಮಾ, ನಾನು ಪೊಲೀಸಿನವನಲ್ಲ’ ಎಂದರೆ ಅವಳು ಬಾಯಿ ಮುಚ್ಚುತ್ತಿದ್ದಳು, ನಿಮ್ಮ ಚಿತ್ರ ಕೆಡುತ್ತಿತ್ತು.

ನಿಮ್ಮ ಕಾಗದವನ್ನು ನನ್ನ ಗಂಡ ಅಶ್ವಥ್‌ಗೂ ಓದಲು ಕೊಟ್ಟೆ. ಅವರು ಓದಿ ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದರು. “ಇಂಥೋನು ಕೊಡೋ ರಕ್ಷಣೆ ನಮಗ್ ಬ್ಯಾಡ ಉಷಾ. ಕೆಲಸ ಹೋದ್ರೆ ಹೋಗ್ಲಿ” ಎಂದರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಅಮ್ಮನ ಮುಖವನ್ನು ಆ ಜಾಗದಿಂದ ಬಿಡಿಸಿದ್ದು ನಾನು. ಅದೂ ನಿಮ್ಮ ಹೆಸರಿನಲ್ಲಿ ಮೆರೆಯುವುದು ಬೇಡವಾಗಿತ್ತು.

ಮರುದಿನ ಧರ್ಮೇಂದ್ರ ಸಾರ್ ಆಫೀಸಿಗೆ ಹೋದೆ.

“ಸಾರ್, ಚಿತ್ರದ ಮುಖ ಅಳಿಸಿದ್ದು ಆ ಸಾರಲ್ಲ, ನಾನು.”

ಅವರು ಕಂಪ್ಯೂಟರಿನಿಂದ ತಲೆ ಎತ್ತಿ, “ಯಾಕಮ್ಮ? ತಲೆ ಸರಿ ಇದೆಯಾ?” ಎಂದರು.

“ಅದು ನಮ್ಮಮ್ಮನ ಮುಖ ಸಾರ್. ಆ ಮಳೆಯಲ್ಲಿ ನನ್ನ ತಮ್ಮ ಮಣ್ಣಲ್ಲಿ ಹೋದ. ಅವನು ಸಿಗೋಕ್ ಮುಂಚೆ ಅಮ್ಮ ಅವನ ಗುರುತು ಹೇಳ್ತಾ ಕೂತಿದ್ದಾಗ ಅವರು ಬರ್ಕೊಂಡಿದ್ದು. ಅಮ್ಮ ಈಗಿಲ್ಲ.”

ಅವರ ಮುಖದ ಬಣ್ಣ ಇಳಿಯಿತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

“ಏನಂದೆ? ಸತ್ತೋರ ಮುಖಾನಾ? ಊಟ ಮಾಡೋ ಜಾಗದಲ್ಲಾ? ಅಯ್ಯೋ ಶಿವನೇ, ಅದರ ಕೆಳಗೇ ನನ್ನ ಮಗಳ ಹುಟ್ಟಿದಹಬ್ಬ ಮಾಡಿದ್ದೀನಲ್ಲಮ್ಮ! ಅವರು ಒಂದು ಮಾತು ಹೇಳಿದ್ರೆ ಅವತ್ತೇ ಕಿತ್ತು ಹಾಕಿಸ್ತಿದ್ದೆ.”

“ಮಾರ್ಚ್‌ನಲ್ಲೇ ನಿಮಗೆ ಎಲ್ಲಾ ವಿವರವಾಗಿ ಪತ್ರ ಬರೆದಿದ್ರಂತಲ್ಲ ಸಾರ್? ನೀವು ಒಪ್ಪಲಿಲ್ವಂತೆ.”

“ಯಾವ ಪತ್ರ? ವಾರ್ನಿಷ್ ಹೊಡೆಯೋಕೆ ಬರ್ತೀನಿ, ರೂಮ್ ಬೇಕು ಅಂತ ಫೋನ್ ಮಾಡಿದ್ರು. ಇನ್ನೆರಡು ಚಿತ್ರ ತಗೊಳ್ತೀರಾ ಅಂತ ಕೇಳಿದ್ರು. ಅಷ್ಟೇ.”

ನಾನು ಸುಳ್ಳು ಹೇಳುತ್ತಿಲ್ಲ ಎಂದು ಅವರಿಗೆ ತಿಳಿಯಿತು, ಅವರು ಹೇಳುತ್ತಿಲ್ಲ ಎಂದು ನನಗೂ ತಿಳಿಯಿತು. ಅರ್ಧ ಗಂಟೆಯೊಳಗೆ ನಾಲ್ಕು ಜನ ಸೇರಿ ಚಿತ್ರವನ್ನು ಇಳಿಸಿದರು. ಹಿತ್ತಿಲಲ್ಲಿ, ತೋಟದ ಕಸ ಸುಡುವ ಗುಂಡಿಯಲ್ಲಿ ಹಾಕಿ ಬೆಂಕಿ ಕೊಟ್ಟರು. ನಿಮ್ಮ ಅಗಸೆ ಎಣ್ಣೆ, ರಾಳ ಬಹಳ ಹೊತ್ತು ಉರಿದವು. ಕೆಟ್ಟ ಕಪ್ಪು ಹೊಗೆ. ನೆರಿಗೆಪಟ್ಟಿಯ ದೊರೆಗಳು ಗುಳ್ಳೆ ಎದ್ದು ಸುರುಟಿಕೊಂಡರು. ನಾನು ಮೂಗಿಗೆ ಸೆರಗು ಹಿಡಿದು ಕೊನೆಯವರೆಗೂ ನಿಂತಿದ್ದೆ. ಸಂಜೆ ಪುರೋಹಿತರನ್ನು ಕರೆಸಿ ಹಾಲ್‌ನಲ್ಲಿ ಪುಣ್ಯಾಹ ಮಾಡಿಸಿದರು.

ನನ್ನ ಕೆಲಸ ಹೋಯಿತು. “ಅಳಿಸೋ ಮುಂಚೆ ಬಂದು ಹೇಳ್ಬೇಕಿತ್ತಮ್ಮ. ಇನ್ನು ನಿನ್ನ ನೋಡಿದಾಗೆಲ್ಲ ನಂಗೆ ಅದೇ ನೆನಪಾಗುತ್ತೆ” ಎಂದರು. ಅದು ಕರುಣೆಯಲ್ಲ, ಹೆದರಿಕೆ. ಅಮ್ಮನ ಮೇಲೆ ಅವರಿಗೆ ಮರುಕವೇನೂ ಇರಲಿಲ್ಲ. ನನಗೂ ಅದು ಬೇಕಿರಲಿಲ್ಲ. ಈಗ ಹಾರಂಗಿ ರಸ್ತೆಯ ಒಂದು ನರ್ಸರಿಯಲ್ಲಿ ಸಸಿಗಳ ಕೆಲಸಕ್ಕೆ ಸೇರಿದ್ದೇನೆ.

ಕೊಚ್ಚಿಯವರಿಗೆ ಬರಬೇಡಿ ಎಂದು ಹೇಳಿ. ಲೋಹಿತನ ಕಾಲು ಎಲ್ಲಾದರೂ ಒಂದು ಗೋಡೆಯಲ್ಲಿ ಕಂಡರೆ, ನಿಮ್ಮ ಈ ಕಾಗದಗಳನ್ನೆಲ್ಲ ಅದೇ ಗೋಡೆಯ ಪಕ್ಕ ಅಂಟಿಸುತ್ತೇನೆ.

ಇಷ್ಟು ದಿನ ಧರ್ಮೇಂದ್ರ ಸಾರನ್ನು ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ತಪ್ಪು ಅವರದೆಂದು ಬರೆದವರು ನೀವು, ನಂಬಿ ಬೈದವಳು ನಾನು. ಅವರಿಗೆ ಸತ್ತವರ ಭಯವಾದರೂ ಇತ್ತು. ನಿಮಗೆ ಅದೂ ಇಲ್ಲ.

ಉಷಾರಾಣಿ